ಸುಡದೆ ಉಳಿದ ಚೀಟಿ

“ಸಾಲಿನ ಮೊದಲಲ್ಲಿ ಏನಿದೆ, ಓದು,” ಎಂದಳು ಅಕ್ಕ.

ಗಂಟಲಣ್ಣ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಹಾಳೆಯ ಮೇಲೆ ಬಗ್ಗಿದ. “ಪರ್ಸಿಸ್ಟೆಂಟ್ ಕುಕೀಸ್, ಟ್ರೂ. ಹಂಗಂದ್ರೆ?”

“ಅದಕ್ಕೂ ಮುಂಚೆ ಏನಿದೆ?”

“ಮುಂಚೆ ಏನೂ ಇಲ್ವಲ್ಲ. ಓ, ಈ ಜಾಲರಿ ಥರದ ಗುರುತಾ? ಹ್ಯಾಶು. ಎಲ್ಲಾ ಸಾಲಿಗೂ ಇದೆಯಲ್ಲಕ್ಕಾ. ಅಂದಕ್ಕೆ ಹಾಕಿರ್ತಾರೆ.”

“ಅಂದಕ್ಕೆ!” ಅಕ್ಕ ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿದಳು. “ಕಣ್ಣಿದ್ದೋರ ಹಣೆಬರಹವೇ ಇಷ್ಟು. ನನ್ನ ತಮ್ಮನಿಗೆ ಯಂತ್ರ ಒಂದೊಂದು ಸಾಲನ್ನೂ ಓದಿ ಹೇಳುತ್ತೆ. ‘ಹ್ಯಾಶ್’ ಅಂತ ಕೂಗಿದ ಮೇಲೇ ಮುಂದಿನ ಮಾತು. ದಿನಕ್ಕೆ ನೂರು ಸಲ ಕಿವಿಗೆ ಬಡಿಯೋದನ್ನ ಅವನು ಮರೀತಾನೇನೋ?”

ಗಂಟಲಣ್ಣ ಬಿಸಿನೀರಿನ ಲೋಟವನ್ನು ತುಟಿಗೆ ತಂದು ಹಾಗೇ ಕೆಳಗಿಟ್ಟ.

ಬ್ರೈಲ್ ಮುದ್ರಣಾಲಯದ ಎರಡನೆಯ ಮಹಡಿ. ಕರಡು ನೋಡುವ ಕೋಣೆ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಮೂಲೆಯಲ್ಲಿ ಕಂಪ್ಯೂಟರು. ಪಕ್ಕದ ಕೋಣೆಯಲ್ಲಿ ಹಾಳೆಗೆ ಚುಕ್ಕಿ ಒತ್ತುವ ಯಂತ್ರ ಧಡ್ ಧಡ್ ಎನ್ನುತ್ತಿತ್ತು. ಇಪ್ಪತ್ತಾರು ವರ್ಷ ಈ ಎರಡು ಕುರ್ಚಿಗಳಲ್ಲಿ ಇಬ್ಬರೇ ಕೂತಿದ್ದರು. ಗಂಟಲಣ್ಣ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವವನು, ಹುಟ್ಟುಕುರುಡನಾದ ತಮ್ಮ ಉಬ್ಬುಚುಕ್ಕಿಗಳ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುವವನು. ಓದಿ ಓದಿ ಒಬ್ಬನ ದನಿ ಕೆಟ್ಟು ಅವನಿಗೆ ಆ ಹೆಸರು ಬಂದಿತ್ತು. ಒಬ್ಬ ಗಂಟಲು, ಒಬ್ಬ ಬೆರಳು ಎಂದು ಮುದ್ರಣಾಲಯದವರೆಲ್ಲ ನಗುತ್ತಿದ್ದರು.

ಈಗ ಯಾರೂ ನಗುತ್ತಿರಲಿಲ್ಲ. ಬ್ರೈಲಿಗೆ ಇಳಿಸಲೆಂದು ತಮ್ಮನಿಗೆ ಒಪ್ಪಿಸಿದ್ದ, ಕೋರ್ಟಿನ ಭಾಷಾಂತರಕಾರರ ಹುದ್ದೆಯ ಪ್ರಶ್ನೆಪತ್ರಿಕೆ ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ತಮ್ಮನ ಹೆಸರಿನಲ್ಲಿ, ತಮ್ಮನ ಮನೆಯ ಕಂಪ್ಯೂಟರಿನಿಂದಲೇ ಹೊರಗೆ ಬಿದ್ದಿತ್ತು. ಇವತ್ತು ಗುರುವಾರ, ನಾಲ್ಕು ಗಂಟೆಗೆ ವಿಚಾರಣೆ. ತಪ್ಪು ಅವನದೇ ಎಂದಾದರೆ ಕೆಲಸ ಹೋಗುವುದಂತೂ ಸರಿ, ಹೊರಗೆ ಪೊಲೀಸರ ಜೀಪು ಕೂಡ ಕಾದಿತ್ತು.

ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ತಮ್ಮ ಕಾರಿಡಾರಿನ ತುದಿಯ ಬೆಂಚಿನ ಮೇಲೆ ಬೆತ್ತವನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಮೂರು ದಿನದಿಂದ ಅಕ್ಕ ಏನು ಕೇಳಿದರೂ ಅವನದು ಒಂದೇ ಉತ್ತರ: ಬಿಡು ಅಕ್ಕ.

ಬಿಡುವ ಪೈಕಿಯವಳಲ್ಲ ಅವಳು. ಕೋರ್ಟಿನ ಕಾಗದಗಳಲ್ಲಿ ಕಳ್ಳ ಸಹಿ ಹಿಡಿಯುವುದರಲ್ಲೇ ಅರ್ಧ ಆಯುಸ್ಸು ಸವೆಸಿದವಳು. ವಕೀಲರು ಎದುರಿಗೆ ಅಮ್ಮ ಎಂದು, ಬೆನ್ನ ಹಿಂದೆ ಭೂತಗನ್ನಡಿ ಎಂದು ಕರೆಯುತ್ತಿದ್ದುದು ಅವಳಿಗೂ ಗೊತ್ತು. ಬೆಳಿಗ್ಗೆ ತಮ್ಮನ ಮನೆಗೆ ಹೋಗಿ, ಅವನ ಬ್ರೌಸರಿನ ಸೆಟ್ಟಿಂಗು ಬರೆದಿಟ್ಟ ಫೈಲನ್ನೂ ಚೀಟಿಗಳ ಫೈಲನ್ನೂ ತೆಗೆದುಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದಿದ್ದಳು.

“ಚೀಟಿ ಚೀಟಿ ಅಂತೀರಲ್ಲ, ಎಂಥ ಚೀಟಿ ಅದು?” ಎಂದ ಗಂಟಲಣ್ಣ.

“ಕುಕೀನೇ. ನೀನು ಒಂದು ಜಾಲತಾಣಕ್ಕೆ ಹೋಗಿ ಗುಪ್ತಪದ ಹೇಳಿ ಒಳಗೆ ಬಂದೆ ಅಂತಿಟ್ಕೋ. ಬಾಗಿಲಲ್ಲಿ ಒಂದು ಚೀಟಿ ಕೊಡ್ತಾರೆ. ಆಮೇಲೆ ಗುಪ್ತಪದ ಬೇಡ, ಚೀಟಿ ತೋರಿಸಿದ್ರೆ ಸಾಕು. ಉಳಿದೋರ ಬ್ರೌಸರು ಬಂದ ಚೀಟಿಯನ್ನೆಲ್ಲ ಕೇಳದೆ ಜೇಬಿಗೆ ಹಾಕ್ಕೊಳ್ಳುತ್ತೆ. ಇವನದು ಹಂಗಲ್ಲ.”

ತಮ್ಮನ ಬ್ರೌಸರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ನಿಮಗೆ ಸಿನಿಮಾ, ನನಗೆ ರೇಡಿಯೋ ಎಂದು ಅವನೇ ತಮಾಷೆ ಮಾಡುತ್ತಿದ್ದ. ಒಂದೊಂದು ಚೀಟಿ ಬಂದಾಗಲೂ ಅದು ನಿಂತು ಕೇಳುತ್ತದೆ, ತಗೊಳ್ಳಲೇ? ಹೌದು ಎಂದರೆ ವೈ, ಬೇಡ ಎಂದರೆ ಎನ್, ಯಾವಾಗಲೂ ತಗೋ ಎಂದರೆ ಎ. ಎಂದೆಂದಿಗೂ ಬೇಡ ಎಂದರೆ ನೆವರ್ ಎಂಬುದರ ಹೊಟ್ಟೆಯೊಳಗಿನ ವಿ, ಯಾಕೆಂದರೆ ತಲೆಯ ಎನ್ ಆಗಲೇ ‘ನೋ’ ಪಾಲಾಗಿತ್ತು. ಉತ್ತರ ಕೊಡದೆ ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಕೇಳುವ ಹಾಗೆ ತಮ್ಮನೇ ಏರ್ಪಾಡು ಮಾಡಿಕೊಂಡಿದ್ದ. ಅಷ್ಟು ಸಾಲದೆಂಬಂತೆ, ತಗೊಂಡ ಚೀಟಿಯೂ ಬ್ರೌಸರು ಮುಚ್ಚಿದ ಕೂಡಲೇ ಸುಟ್ಟು ಬೂದಿಯಾಗಬೇಕೆಂದು ಸೆಟ್ಟಿಂಗಿನಲ್ಲಿ ಬರೆದಿಟ್ಟಿದ್ದ. ಹಾಗಾಗಿ ಅವನು ಎದ್ದು ಹೋದ ಮೇಲೆ ಆ ಕಂಪ್ಯೂಟರಿನ ಮುಂದೆ ಯಾರು ಕೂತರೂ ಮುಚ್ಚಿದ ಬಾಗಿಲೇ ಗತಿ. ಗುಪ್ತಪದ ಅವನ ತಲೆಯೊಳಗೆ ಮಾತ್ರ ಇತ್ತು.

“ಯಾರೋ ಆ ಸೆಟ್ಟಿಂಗು ತಿದ್ದಿದ್ದಾರೆ,” ಎಂದಳು ಅಕ್ಕ. “ಚೀಟಿ ಉಳಿಸಬೇಡ ಅನ್ನೋ ಕಡೆ ಉಳಿಸು ಅಂತ ಮಾಡಿದ್ದಾರೆ. ಮೊದಲ ಸಲ ಇಲ್ಲಿ, ನಡುವೆ. ಹ್ಯಾಶ್ ತೆಗೆಯೋದು ಮರೆತು. ಹ್ಯಾಶ್ ಇರೋ ಸಾಲು ಯಂತ್ರದ ಪಾಲಿಗೆ ಸತ್ತ ಸಾಲು. ಏನೂ ಆಗಲಿಲ್ಲ. ಆಮೇಲೆ ಇನ್ನೊಂದು ದಿನ ಬಂದು ಕೊನೆಯಲ್ಲಿ ಹೊಸದಾಗಿ ಬರೆದಿದ್ದಾರೆ, ಹ್ಯಾಶ್ ಇಲ್ಲದೆ. ಶನಿವಾರ ಇವನು ಪ್ರಶ್ನೆಪತ್ರಿಕೆ ತೆಗೆದು ಕೆಲಸ ಮುಗಿಸಿ ಮುಚ್ಚಿದ. ಚೀಟಿ ಸುಡಲಿಲ್ಲ. ಮೂವತ್ತು ದಿನ ಬಾಳೋ ಚೀಟಿ.”

“ಭಾನುವಾರ ಇನ್ಯಾರೋ ಬಂದು ಆ ಚೀಟಿ ತೋರಿಸಿ ಒಳಗೆ ಹೋದ್ರು ಅಂತೀರಿ.”

“ಕಣ್ಣಿರೋ ಯಾರೋ. ಹ್ಯಾಶು ಅಂದಕ್ಕೆ ಅಂತ ತಿಳ್ಕೊಂಡಿರೋ ಯಾರೋ.”

ಗಂಟಲಣ್ಣನ ಮುಖ ಸುಣ್ಣವಾಯಿತು. “ಅಕ್ಕಾ, ನನ್ನ ಮೇಲಾ ನಿಮ್ಮ ಅನುಮಾನ?”

ಅಕ್ಕ ಮೇಜಿನ ಮೇಲಿನ ಹಾಳೆಗಳತ್ತ ನೋಡಿದಳು. ಜೆರಾಕ್ಸಿನವನು ಕೊಟ್ಟ ಹಾಳೆಗಳಲ್ಲಿ ಮೂರನೆಯದು ಖಾಲಿ ಬಂದಿತ್ತು. ಹಾಳುಮಾಡುವುದೇಕೆಂದು ಅದರ ಬೆನ್ನ ಮೇಲೆ ಅವಳು ಮೂವರ ಹೆಸರು ಬರೆದುಕೊಂಡಿದ್ದಳು. ಒಂದು, ಗಂಟಲು. ಎರಡು, ತಮ್ಮನ ಮನೆಯ ಮಾಲೀಕ, ಅವನ ಹತ್ತಿರ ಎಲ್ಲಾ ಕೋಣೆಗಳ ಕೀಲಿ ಇರುತ್ತದೆ. ಮೂರು, ಪರೀಕ್ಷಾ ವಿಭಾಗದ ಅಧಿಕಾರಿ. ತಮ್ಮನ ಮನೆಯ ಇನ್ನೊಂದು ಕೀಲಿ ಅಕ್ಕನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಭಾನುವಾರ ಭಾನುವಾರ ಮಗಳು ಅದನ್ನು ತೆಗೆದುಕೊಂಡು ಹೋಗಿ ಮಾವನ ಮನೆ ಗುಡಿಸಿ, ಊಟದ ಡಬ್ಬಿ ಇಟ್ಟು ಬರುತ್ತಿದ್ದಳು. ತನ್ನ ಮನೆಯಲ್ಲೇ ಇದ್ದ ಈ ಕೀಲಿಯನ್ನು ಬರೆದುಕೊಳ್ಳುವುದು ಅವಳಿಗೆ ಹೊಳೆದಿರಲಿಲ್ಲ.

ಮಾಲೀಕ ಭಾನುವಾರ ಆಸ್ಪತ್ರೆಯಲ್ಲಿ ಮಲಗಿದ್ದನೆಂದು ಮಧ್ಯಾಹ್ನ ಗೊತ್ತಾಗಿ ಅವನ ಹೆಸರಿಗೆ ಗೀಟು ಬಿದ್ದಿತ್ತು.

“ಭಾನುವಾರ ನನ್ನ ತಮ್ಮ ಇಲ್ಲಿಗೆ ಎಷ್ಟು ಹೊತ್ತಿಗೆ ಬಂದ?”

“ಬರೆದು ಕೊಟ್ಟಿದೀನಲ್ಲ. ಹನ್ನೆರಡಕ್ಕೆ.”

ಅಕ್ಕ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ದಪ್ಪ ಕಾಗದ, ಮೈತುಂಬ ಉಬ್ಬುಚುಕ್ಕಿ. ಭಾನುವಾರ ನೋಡಿದ ಕರಡಿನ ಮೊದಲ ಹಾಳೆ. ಓದಲು ಶುರುಮಾಡಿದ ಹೊತ್ತನ್ನು ಪ್ರತಿ ಕರಡಿನ ಮೊದಲ ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ ಬರೆಯುವುದು ಗಂಟಲಣ್ಣನ ಪದ್ಧತಿ.

“ಇದು ನಿನ್ನ ಕೈಬರಹ. ಹನ್ನೆರಡೂಕಾಲು. ಈಗ ಇದನ್ನ ಬೆಳಕಿಗೆ ಹಿಡಿ.”

ಅವನು ಹಿಡಿಯಲಿಲ್ಲ.

“ಬೇಡ್ವಾ? ನಾನೇ ಹೇಳ್ತೀನಿ. ಇಲ್ಲಿರೋ ಎರಡರ ಅಂಕಿ ಹುಟ್ಟುವಾಗ ಒಂದರ ಅಂಕಿಯಾಗಿತ್ತು. ತಲೆಗೊಂದು ಕೊಕ್ಕೆ, ಕಾಲಿಗೊಂದು ಬಾಲ ಆಮೇಲೆ ಅಂಟಿಸಿದ್ದು. ಶಾಯಿನೂ ಬೇರೆ. ಹನ್ನೊಂದೂಕಾಲಿಗೆ ನನ್ನ ತಮ್ಮ ಇದೇ ಕುರ್ಚಿಯಲ್ಲಿ ಕೂತಿದ್ದ. ಐದು ನಿಮಿಷದ ಮೇಲೆ ಅವನ ಮನೆಯಲ್ಲಿ ಯಾರೋ ಪ್ರಶ್ನೆಪತ್ರಿಕೆ ತೆರೆದ್ರು. ಅವನನ್ನ ಉಳಿಸೋ ಮಾತು ಪ್ರಪಂಚದಲ್ಲಿ ನಿನ್ನೊಬ್ಬನ ಹತ್ರ ಇತ್ತು. ಅದನ್ನೇ ತಿದ್ದಿಬಿಟ್ಟೆಯಲ್ಲೋ! ಇಪ್ಪತ್ತಾರು ವರ್ಷ ಅವನ ಎದುರಿಗೆ ಕೂತು ಅನ್ನ ತಿಂದೋನು ನೀನು.”

ಪಕ್ಕದ ಕೋಣೆಯ ಯಂತ್ರ ನಿಂತಿತು. ಗಂಟಲಣ್ಣನ ಉಸಿರು ಗರಗಸದಂತೆ ಕೇಳುತ್ತಿತ್ತು.

“ಬೈದ್ಬಿಡಿ ಅಕ್ಕಾ,” ಎಂದ. “ಕೈ ಬೀಸಿ ಎರಡು ಬಾರಿಸಿದ್ರೂ ಸರಿ. ಆದ್ರೆ ತಿದ್ದು ಅಂತ ಹೇಳಿದ್ದು ಯಾರು ಅಂತ ಕೇಳಲ್ವಾ?”

“ಯಾರು?”

“ನಿಮ್ಮ ತಮ್ಮ.”

ಅಕ್ಕ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು.

“ಮಂಗಳವಾರ ಬಂದು ನನ್ನ ಕೈ ಹಿಡ್ಕೊಂಡ. ನಾನು ಹನ್ನೆರಡಕ್ಕೆ ಬಂದೆ ಅಂತ ಬರೆದುಕೊಡೋ ಅಂದ. ತಲೆ ಕೆಟ್ಟಿದೆಯೇನೋ ಅಂತ ನಾನು ರೇಗಿದೆ. ‘ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನೇನೋ’ ಅಂದ. ಕೇಳಿಲ್ಲ ಅಕ್ಕಾ. ಮೆಟ್ಟಿಲು ಇಳಿಯುವಾಗ ಕೈ ಕೊಡು ಅಂತಾನೂ ಕೇಳಿದೋನಲ್ಲ. ಬರೆದುಕೊಟ್ಟೆ. ಈ ಹಾಳೆ ತಿದ್ದಿದೆ. ಆವತ್ತಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ.”

ತಪ್ಪನ್ನು ತಾನೇ ಮೈಮೇಲೆ ಎಳೆದುಕೊಳ್ಳುತ್ತಿದ್ದಾನೆ. ಯಾರಿಗೋಸ್ಕರ? ಹೆಂಡತಿಯಿಲ್ಲ, ಮಕ್ಕಳಿಲ್ಲ. ಇರುವ ಒಬ್ಬ ಸ್ನೇಹಿತ ಇಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಇವನನ್ನು ಕಾಪಾಡಲೆಂದೋ? ಅದೂ ಕೂಡುವುದಿಲ್ಲ. ಹನ್ನೊಂದೂಕಾಲಿಗೆ ಇವನೂ ಇಲ್ಲೇ ಇದ್ದನಲ್ಲ.

“ಚೀಟಿ ಫೈಲು ನೋಡಿದ್ರಾ?” ಗಂಟಲಣ್ಣ ಮೂಗೊರೆಸಿಕೊಂಡು ಕೇಳಿದ.

“ನೋಡಿದೆ. ಎರಡು ಸಾಲಿವೆ. ಎರಡೂ ಪರೀಕ್ಷಾ ಕಚೇರಿದೇ.”

“ಕೊಡಿ ಇಲ್ಲಿ.” ಅವನು ಸಾಲಿನ ಮೇಲೆ ಉಗುರಿಟ್ಟ. “ಮೊದಲನೇದು ಹೌದು, ನಾವು ಪತ್ರಿಕೆ ತೆಗೆಯೋ ಜಾಗ. ಎರಡನೇ ವಿಳಾಸಕ್ಕೆ ಬಾಲ ಒಂದೇ, ತಲೆ ಬೇರೆ. ಇದು ಅಭ್ಯರ್ಥಿಗಳದ್ದು ಅಕ್ಕಾ. ಹಾಲ್ ಟಿಕೆಟ್ ತೆಗೆಯೋ ಜಾಗ. ಕಳೆದ ವಾರ ಒಬ್ಬ ಕುರುಡು ಅಭ್ಯರ್ಥಿಗೆ ಬ್ರೈಲಲ್ಲಿ ಹಾಲ್ ಟಿಕೆಟ್ ಮಾಡಿಕೊಟ್ವಿ. ನಾನೇ ಈ ಮೂಲೆಯ ಕಂಪ್ಯೂಟರಲ್ಲಿ ತೆಗೆದಿದ್ದು. ನೋಡಿ, ಕೊನೇಲಿ ಒಂಬತ್ತು ಅಂಕಿ ಇವೆಯಲ್ಲ, ಅದು ನೋಂದಣಿ ಸಂಖ್ಯೆ.”

ಅಕ್ಕನ ಕಣ್ಣು ಹೊಳೆಯಿತು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂದಂತಾಯಿತು. “ಅಂದ್ರೆ ಪ್ರಶ್ನೆಪತ್ರಿಕೆ ಕದಿಯೋಕೆ ಬಂದೋರು ಹೋಗ್ತಾ ಹೋಗ್ತಾ ಅಲ್ಲೇ ಹಾಲ್ ಟಿಕೆಟ್ಟೂ ತೆಗೆದುಕೊಂಡಿದ್ದಾರೆ! ಚೀಟಿ ಉಳಿಸು ಅಂತ ತಾವೇ ಬರೆದಿದ್ದು ಮರೆತು!”

“ತಮ್ಮ ಚೀಟಿನೂ ಉಳಿದುಬಿಟ್ಟಿದೆ.”

“ಸಿಕ್ಕಿಬಿದ್ದ ಕಳ್ಳ! ಆ ಸಂಖ್ಯೆ ಹಾಕು. ಹೆಸರು ಬರುತ್ತಾ?”

ಗಂಟಲಣ್ಣ ಆಗಲೇ ಮೂಲೆಯ ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಅದೂ ತಮ್ಮನೇ ಸಜ್ಜುಮಾಡಿದ್ದು, ಅದೇ ಬ್ರೌಸರು, ಅದೇ ಬೇಸರವಿಲ್ಲದ ದನಿ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರ ಸಾಲುಗಟ್ಟಿತು. ಅವನು ಒಂಬತ್ತು ಅಂಕಿಯನ್ನು ಒಂದೊಂದಾಗಿ ಒತ್ತಿದ.

“ಹುಟ್ಟಿದ ದಿನಾಂಕ,” ಎಂದಿತು ಯಂತ್ರ.

“ಥೂ,” ಎಂದ ಗಂಟಲಣ್ಣ. “ಇದೊಂದು ಬಾಕಿ ಇತ್ತು. ಸರಿಯಾದ ದಿನಾಂಕ ಕೊಟ್ರೆ ಮಾತ್ರ ಬಾಗಿಲು ತೆಗೆದು ಚೀಟಿ ಕೊಡುತ್ತೆ ಅಕ್ಕಾ. ತಪ್ಪಾದ್ರೆ ಮೂತಿ ತಿರುಗಿಸುತ್ತೆ. ಎಲ್ಲಿಂದ ತರೋದು ಯಾರದೋ ಹುಟ್ಟಿದ ದಿನಾನ?”

“ಇರಲಿ. ಸಂಖ್ಯೆ ಇದೆಯಲ್ಲ. ವಿಚಾರಣೆಯವರ ಮುಂದಿಟ್ಟರೆ ಅವರೇ ಹುಡುಕ್ತಾರೆ. ಹೇಳು, ಬರೆದುಕೊಳ್ತೀನಿ.”

ಮೂರೂ ಮುಕ್ಕಾಲು. ಬರೆಯಲು ಅವಳು ಆ ಮೂರನೆಯ ಹಾಳೆಯನ್ನೇ ಎಳೆದುಕೊಂಡಳು. ಹೆಸರಿದ್ದ ಮಗ್ಗುಲಲ್ಲಿ ಜಾಗ ಸಾಲದೆಂದು ಮಗುಚಿದಳು. ಖಾಲಿ ಹಾಳೆ. ಅಂಚಿನಿಂದ ಅಂಚಿಗೆ ಬಿಳುಪು. ಕಟ್ಟಕಡೆಯಲ್ಲಿ, ಜೆರಾಕ್ಸಿನವನು ಕತ್ತರಿಸಿ ಬಿಸಾಡುವಷ್ಟು ಕೆಳಗೆ, ಇರುವೆಯ ಸಾಲಿನಂತೆ ಒಂದೇ ಸಾಲು ಅಚ್ಚಾಗಿತ್ತು.

ಮೊದಲಲ್ಲಿ ಹ್ಯಾಶ್.

ಕಣ್ಣಿದ್ದವರ ಹಣೆಬರಹದ ಬಗ್ಗೆ ಅರ್ಧ ಗಂಟೆಯ ಹಿಂದೆ ತಾನೇ ಆಡಿದ ಮಾತು ಅಕ್ಕನ ಮುಖಕ್ಕೆ ರಪ್ಪನೆ ಬಡಿಯಿತು. ಬಿಳುಪು ಕಂಡ ಕೂಡಲೇ ಮುಗಿಯಿತು ಎಂದುಕೊಂಡಿದ್ದಳು. ತಮ್ಮನಿಗೆ ಯಂತ್ರ ಖಾಲಿ ಸಾಲನ್ನೂ ಓದುತ್ತದೆ. ಖಾಲಿ, ಖಾಲಿ, ಖಾಲಿ ಎನ್ನುತ್ತ ಕೊನೆಯವರೆಗೂ ಹೋಗುತ್ತದೆ. ಯಾವ ಸೆಟ್ಟಿಂಗನ್ನು ಮುಟ್ಟಿದರೂ ವಾರ ಹಾಕಿ, ಯಾಕೆಂದು ಒಂದು ಟಿಪ್ಪಣಿ ಬರೆಯುವುದು ಅವನ ರೂಢಿ. ಇಂಗ್ಲಿಷ್ ಅಕ್ಷರ, ಮಾತು ಮಾತ್ರ ಮನೆಯ ಕನ್ನಡ.

ಅಕ್ಕ ಓದಿದಳು.

ಸೋಮವಾರ. ಕೊನೆಯ ಸಾಲು ನನ್ನದಲ್ಲ. ಯಾರದೆಂದು ಗೊತ್ತಾಯಿತು. ಹಾಗೇ ಇರಲಿ. ಅಕ್ಕನಿಗೆ ಗೊತ್ತಾಗಬಾರದು.

“ಏನಕ್ಕಾ?” ಎಂದ ಗಂಟಲಣ್ಣ. “ಏನಿದೆ ಅದರಲ್ಲಿ?”

“ಇವನು ಇದನ್ನೆಲ್ಲ ಅಳಿಸಿಬಿಡಬಹುದಿತ್ತಲ್ಲ,” ಎಂದಳು ಅಕ್ಕ. ಹಾಳೆಯಿಂದ ತಲೆಯೆತ್ತಲಿಲ್ಲ.

“ಅವನಾ? ಅವನು ಯಾವತ್ತು ಅಳಿಸಿದಾನೆ? ಒತ್ತಿದ ಚುಕ್ಕಿ ವಾಪಸು ಹೋಗಲ್ಲ ಅಂತಾನೆ. ತಪ್ಪಾದ್ರೆ ಆರೂ ಚುಕ್ಕಿ ಒತ್ತಿ ಮುಚ್ಚಿಬಿಡ್ತಾನೆ, ಮುಂದೆ ಬರೀತಾನೆ. ಅಡಿಯಲ್ಲಿ ತಪ್ಪು ಹಾಗೇ ಇರುತ್ತೆ.”

ಅಕ್ಕನಿಗೆ ತಿಳಿಯಬಾರದ್ದು ಏನಿದೆ ಪ್ರಪಂಚದಲ್ಲಿ? ಕಂಡವರ ಕಳ್ಳತನ ಆಗಿದ್ದರೆ ಅವನು ಮೊದಲು ಓಡಿ ಬಂದು ಹೇಳುತ್ತಿದ್ದುದೇ ಅಕ್ಕನಿಗೆ.

ಅಡುಗೆಮನೆಯ ಮೊಳೆ ಕಣ್ಣಿಗೆ ಬಂತು. ಅದರ ಮೇಲಿನ ಕೀಲಿ.

ಮಗಳು ಎರಡು ಸಲ ಇದೇ ಪರೀಕ್ಷೆ ಬರೆದಿದ್ದಳು. ಮೊದಲ ಸಲ ನಾಲ್ಕು ಅಂಕ, ಎರಡನೆಯ ಸಲ ಒಂದೂವರೆ ಅಂಕ ಕಡಿಮೆ. ಆಗ ಅಕ್ಕ ಏನೆಂದಿದ್ದಳು? ‘ನಿನ್ನ ಹಣೆಯಲ್ಲಿ ಬರೆದಿಲ್ಲ ಬಿಡು, ಇನ್ನೊಬ್ಬರ ಮುಂದೆ ನನ್ನ ತಲೆ ತಗ್ಗಿಸಬೇಡ.’ ಅಷ್ಟೇ ಅಂದಿದ್ದಳು. ಈ ಸಲ ಅರ್ಜಿಯನ್ನೇ ಹಾಕಿಲ್ಲಮ್ಮ ಎಂದು ಮಗಳು ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಹೇಳಿದ್ದಳು. ಸಾವಿರ ಸಹಿಗಳ ನಡುಕ ಹಿಡಿದವಳಿಗೆ ಮಗಳ ಬೆನ್ನು ಓದಲು ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಬಾಗಿಲ ತನಕ ಬಂದು, ಮಾವನಿಗೆ ಏನೂ ಆಗಲ್ಲ ಅಲ್ವಾ ಎಂದು ಎರಡು ಸಲ ಕೇಳಿದ್ದಳು. ಪ್ರೀತಿ ಎಂದುಕೊಂಡಿದ್ದಳು ಅಕ್ಕ. ಪ್ರೀತಿಯೂ ಇದ್ದೀತು.

ಆ ಬ್ರೌಸರನ್ನು ಅವಳಿಗೆ ಕಲಿಸಿದ್ದೂ ಮಾವನೇ. ಐದು ವರ್ಷದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ವೈ ಅಂದ್ರೆ ಬಾ, ಎನ್ ಅಂದ್ರೆ ಹೋಗು.

“ಏಳು,” ಎಂದಳು ಅಕ್ಕ.

“ಆಂ?”

“ಕುರ್ಚಿ ಬಿಡು.”

ಅವಳು ಕೂತಳು. ಒಂದೇ ಬೆರಳಿನಿಂದ ದಿನ ಒತ್ತಿದಳು. ತಿಂಗಳು ಒತ್ತಿದಳು. ವರ್ಷ ಒತ್ತುವಾಗ ಆಸ್ಪತ್ರೆಯ ಕಾರಿಡಾರು ನೆನಪಾಯಿತು. ಕೂಸನ್ನು ಮೊದಲು ಎತ್ತಿಕೊಂಡವನು ತಮ್ಮ. ಪುಟ್ಟ ಬೆರಳುಗಳನ್ನು ಒಂದೊಂದಾಗಿ ತಡವಿ ಗಟ್ಟಿಯಾಗಿ ಎಣಿಸಿದ್ದ. ಹತ್ತೂ ಇವೆ ಅಕ್ಕ, ಒಂದೂ ತಪ್ಪಿಲ್ಲ ಎಂದಿದ್ದ.

ದೇವರೇ, ಮೂತಿ ತಿರುಗಿಸಲಿ. ತಪ್ಪು ಅನ್ನಲಿ. ನನ್ನ ಮನಸ್ಸೇ ಕೊಳಕು ಅಂತಾಗಲಿ.

ಅವಳು ಕೊನೆಯ ಕೀಲಿ ಒತ್ತಿದಳು.

ಪರದೆ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ಆ ಬೇಸರವಿಲ್ಲದ ದನಿ, ಸ್ಪಷ್ಟವಾಗಿ, ಕಾರಿಡಾರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿತು:

“ಕುಕೀ ಬಂದಿದೆ. ತಗೊಳ್ಳಲೇ?”

“ತೆಗೀತು!” ಗಂಟಲಣ್ಣ ಕುಣಿದುಬಿಟ್ಟ. “ಬಾಗಿಲು ತೆಗೀತು ಅಕ್ಕಾ! ವೈ ಒತ್ತಿ, ಹೆಸರು ಬರುತ್ತೆ! ಅಲ್ಲ, ನಿಮಗೆ ಆ ದಿನಾಂಕ ಹೆಂಗೆ…”

ಆಗ ಅವನು ಅಕ್ಕನ ಮುಖ ನೋಡಿದ.

ಕಾರಿಡಾರಿನ ಆ ತುದಿಯಲ್ಲಿ ದೊಡ್ಡ ಕೋಣೆಯ ಬಾಗಿಲು ಕಿರ್ರೆಂದಿತು. ಜವಾನನ ದನಿ: “ಭೂತಗನ್ನಡಿ ಅಮ್ಮ ಎಲ್ಲಿದಾರ್ರೀ? ನಾಲ್ಕಾಯ್ತು. ನಿಮ್ಮ ಕಡೆಯಿಂದ ಏನಾದ್ರೂ ತೋರಿಸೋದಿದ್ರೆ ಈಗಲೇ ತರಬೇಕಂತೆ. ಸಾಹೇಬರು ಕಾಯಲ್ಲ.”

ನೆಲಕ್ಕೆ ಬೆತ್ತ ತಾಗಿತು. ಟಕ್. ಇನ್ನೊಮ್ಮೆ ಟಕ್. ಕರಡಿನ ಕೋಣೆಯ ಹೊಸ್ತಿಲಲ್ಲಿ ತಮ್ಮ ನಿಂತಿದ್ದ. ಮುಖ ಅಕ್ಕನತ್ತ ಇರಲಿಲ್ಲ, ದನಿ ಬಂದ ಕಂಪ್ಯೂಟರಿನತ್ತ ಇತ್ತು.

“ಅಕ್ಕ,” ಎಂದ ಮೆಲ್ಲಗೆ. “ಇನ್ನೂ ಹೆಸರು ನೋಡಿಲ್ಲ ನೀನು. ಎನ್ ಒತ್ತು.”

ಅಕ್ಕ ಬೆರಳೆತ್ತಿದಳು. ಕಣ್ಣು ಮಂಜಾಗಿ ಯಾವ ಅಕ್ಷರ ಎಲ್ಲಿದೆಯೆಂದೂ ಕಾಣಲಿಲ್ಲ. ಜವಾನ ಮತ್ತೆ ಕೂಗಿದ.

“ತಗೊಳ್ಳಲೇ?” ಎಂದು ಯಂತ್ರ ಇನ್ನೊಂದು ಸಲ ಕೇಳಿತು.